ಎರಡನೇ ಬ್ರೇಕಿನ ವೀರ ಕಾಡಿಗೆ ಹೋದದ್ದು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಿಗೊಂದು ಬ್ರೇಕ್ ಇರುತ್ತದೆ, ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲಿಗೆ ಇನ್ನೊಂದು. ಈ ಎರಡನೆಯದರ ಮೇಲೆ ಬಲಗಾಲು ಊರಿಕೊಂಡೇ ನಮ್ಮ ಬ್ರೇಕ್ ಮೇಷ್ಟ್ರು ಐವತ್ತರ ಗಡಿ ದಾಟಿದರು. ಊರಿನ ಅರ್ಧ ಜನ ಅವರ ಪಕ್ಕ ಕೂತು ಸ್ಟೇರಿಂಗ್ ಹಿಡಿದವರೇ. ಆ ಅರ್ಧ ಊರನ್ನು ಗೋಡೆ, ಕಂಬ, ಹಾಲಿನ ವ್ಯಾನುಗಳಿಂದ ಉಳಿಸಿ, ಮಿಕ್ಕರ್ಧ ಊರನ್ನು ಈ ಅರ್ಧ ಊರಿನಿಂದ ಕಾಪಾಡಿದ ಮಹಾಪಾದ ಅದು.

ತೊಂದರೆಯೆಂದರೆ ಆ ಪಾದಕ್ಕೆ ಡ್ಯೂಟಿ ಮುಗಿದದ್ದು ಗೊತ್ತಾಗುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೆ ಮೇಷ್ಟ್ರು ಉರಿ ತಗ್ಗಿಸುವ ಬದಲು ನೆಲ ಒತ್ತುತ್ತಿದ್ದರು. ಟಿವಿಯಲ್ಲಿ ಯಾರಾದರೂ ಕಾರು ಜೋರಾಗಿ ಓಡಿಸಿದರೆ ಟೀಪಾಯಿಗೆ ಒದೆ. "ನಮ್ಮನೇಲಿ ಎಡಗಾಲಿನ ಚಪ್ಪಲಿಗಳನ್ನ ಅಂಗಡಿಗೆ ವಾಪಸ್ ಕೊಡಬಹುದು ನೋಡಿ, ಅಷ್ಟು ಹೊಸದು," ಎಂದು ಅವರ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದರು.

ಹೀಗಿರುವಾಗ ಮಗಳಿಗೆ ಹದಿನೆಂಟು ತುಂಬಿತು. ಮೇಷ್ಟ್ರು ಕಾರನ್ನು ತೊಳೆದು, ಒರೆಸಿ, ಸೀಟಿಗೆ ಹೊಸ ಕವರ್ ಹಾಕಿ ಕಾದರು. ಮಗಳು ಬಂದವಳೇ, "ಅಪ್ಪಾ, ನಾನು ಹಿಂದಿನ ಬೀದಿ ಮೇಡಂ ಹತ್ರ ಕಲೀತೀನಿ," ಎಂದಳು.

"ಆ ಹೆಂಗಸಾ! ಪಾಠದ ಮಧ್ಯೆ ಕಣ್ಣು ಮುಚ್ಚಿಕೊಂಡು ಕೂರ್ತಾಳಂತೆ ಕಣೇ!"

"ಕೂತ್ಕೊಳ್ಳಲಿ ಬಿಡು. ನಿನ್ನ ಪಕ್ಕ ಕೂತ್ರೆ ನಾನು ನೋಡೋಕೆ ಮುಂಚೆ ನೀನೇ ಒತ್ತಿರ್ತೀಯ. ಮತ್ತೆ ನಾನು ಕಲಿಯೋದು ಯಾವಾಗ?"

ದರ್ಜಿಯ ಮಗಳು ಎದುರಂಗಡಿಯ ಬಟ್ಟೆ ಹಾಕಿಕೊಂಡು ಬೀದಿಯಲ್ಲಿ ಓಡಾಡಿದರೆ ದರ್ಜಿಯ ಮರ್ಯಾದೆ ಏನಾದೀತು? ಅಂದಿನಿಂದ ಮೇಷ್ಟ್ರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಊಟದ ನಡುವೆ ಎದ್ದು ಗೇಟಿನ ತನಕ ಹೋಗಿ ಬರುವರು.

ಸಂಧಾನಕ್ಕೆ ಬಂದವನು ಅವರ ಭಾವಮೈದ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಭಾನುವಾರ ಬಂತೆಂದರೆ ಮೇಷ್ಟ್ರ ಮಗಳನ್ನು ಕರೆದುಕೊಂಡು ಊರಾಚೆಯ ಕಾಡಿಗೆ ಡಿಸ್ಕ್ ಗಾಲ್ಫ್ ಆಡಲು ಹೋಗುತ್ತಿದ್ದ. ಪ್ಲಾಸ್ಟಿಕ್ಕಿನ ತಟ್ಟೆಯೊಂದನ್ನು ಎಸೆಯುವುದು, ಬಿದ್ದಲ್ಲಿಂದ ಮತ್ತೆ ಎಸೆಯುವುದು, ಕಡೆಗೆ ಕಂಬಕ್ಕೆ ಕೂರಿಸಿದ ಕಬ್ಬಿಣದ ಬುಟ್ಟಿಗೆ ಹಾಕುವುದು. ಬುಟ್ಟಿಯ ಮೇಲೆ ಇಳಿಬಿದ್ದ ಸರಪಳಿಗೆ ತಟ್ಟೆ ಬಡಿದು ಝಲ್ಲೆಂದರೆ ಗೆದ್ದಂತೆ. ಬಯಲಿನಲ್ಲಾದರೆ ಮಕ್ಕಳಾಟ. ಆದರೆ ಇಲ್ಲಿ ಯಾರೋ ಪುಣ್ಯಾತ್ಮರು ಬುಟ್ಟಿಗಳನ್ನೆಲ್ಲ ದಟ್ಟ ಮರಗಳ ಹಿಂದೆ ಬಚ್ಚಿಟ್ಟಿದ್ದರು.

"ಭಾವ, ಒಂದು ಆಟ ಆಡೋಣ. ನಾವು ಮೂವರೇ. ಕೊನೇ ಬುಟ್ಟಿ ಮುಗಿಯೋ ತನಕ ನಿಮ್ಮ ಬಲಗಾಲು ಒಂದು ಸಲಾನೂ ಬ್ರೇಕ್ ಅಂದ್ಕೊಂಡು ನೆಲ ಒತ್ತಬಾರದು. ಗೆದ್ರೆ ಇವಳು ನಿಮ್ಮ ಶಿಷ್ಯೆ."

"ಒತ್ತಿದ್ರೆ?"

"ಮೇಡಂ ಹತ್ರ," ಎಂದಳು ಮಗಳು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ದಂಡಯಾತ್ರೆಗೆ ಹೊರಟರು. ಮೊದಲ ಬುಟ್ಟಿಯ ದಾರಿ ನೋಡಿಯೇ ಅಂಗಾಲು ತುರಿಸಿತು. ಎರಡೂ ಕಡೆ ಮರಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ನಡುವೆ ಇದ್ದ ಸಂದಿಯಲ್ಲಿ ಸ್ಕೂಟರ್ ಕೂಡ ನುಸುಳದು. ಅಲ್ಲಿ ಎಸೆದ ತಟ್ಟೆ ಯಾವುದಕ್ಕಾದರೂ ಹೋಗಿ ಡಿಕ್ಕಿ ಹೊಡೆಯಲೇಬೇಕು. ಡಿಕ್ಕಿ ಕಂಡರೆ ಕಾಲು ಸುಮ್ಮನಿದ್ದೀತೆ?

ಆಗ ಮೇಷ್ಟ್ರಿಗೆ ಉಪಾಯ ಹೊಳೆಯಿತು. ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ, ಎಡಗಾಲನ್ನು ಎತ್ತಿ, ಕೊಕ್ಕರೆಯಂತೆ ನಿಂತರು. ಮೈಯನ್ನೇ ಹೊತ್ತು ನಿಂತ ಕಾಲು ಮತ್ತಿನ್ನೇನನ್ನು ಒತ್ತೀತು?

"ಇದೇನು ಭಾವ, ತಪಸ್ಸಾ?"

"ನಿನಗ್ಯಾಕಯ್ಯಾ? ಕಾಲು ನೋಡ್ಕೋ ಅಂದ್ರೆ ಕಾಲು ನೋಡ್ಕೋ."

ಎಸೆದರು. ತಟ್ಟೆ ಮರಕ್ಕೆ ಬಡಿದು, ಎರಡನೇ ಮರಕ್ಕೆ ದೂರು ಹೇಳಿ, ಅಲ್ಲಿಂದ ನೇರ ಮೇಷ್ಟ್ರ ಬೆನ್ನ ಹಿಂದೆ ಬಂದು ಬಿತ್ತು. ಹೊರಟ ಜಾಗಕ್ಕಿಂತ ಹಿಂದೆ! ಭಾವಮೈದ ಹೊಟ್ಟೆ ಹಿಡಿದುಕೊಂಡ. "ರಿವರ್ಸ್ ಗೇರಲ್ಲಿ ಬಿಟ್ರಿ ಭಾವ!" ಆದರೆ ಕಾಲು? ಕದಲಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದು ಘೋರ ಸಂಗ್ರಾಮ. ಮೇಷ್ಟ್ರ ತಟ್ಟೆ ಮುಳ್ಳುಪೊದೆಯಲ್ಲಿ ಸಿಕ್ಕಿತು, ಹಳ್ಳದ ಕೆಸರಲ್ಲಿ ಹೂತಿತು, ಒಮ್ಮೆ ಕೊಂಬೆಯ ಕವಲಿನಲ್ಲಿ ಕೂತು ಕೆಳಗಿಳಿಯಲೊಲ್ಲೆ ಎಂದಿತು. ಭಾವಮೈದ ಕೋಲಿನಿಂದ ಕೆಡವಿದ. ಬೆವರು ಕಣ್ಣಿಗಿಳಿಯುತ್ತಿತ್ತು. ಎಸೆತಗಳ ಲೆಕ್ಕ ಇಡುವುದನ್ನು ನಾಚಿಕೆಯಿಂದ ಎಲ್ಲರೂ ಬಿಟ್ಟರು. ಆದರೂ ಪ್ರತಿ ಎಸೆತಕ್ಕೂ ಕೊಕ್ಕರೆ ನಿಂತೇ ಇತ್ತು. ಮಗಳ ಮುಖದ ತುಂಟತನ ಕರಗುತ್ತ ಬಂತು. "ಪರವಾಗಿಲ್ಲ ಅಪ್ಪಾ, ನೀನು ಗೆದ್ದುಬಿಡ್ತೀಯೋ ಏನೋ," ಎಂದು ನೀರಿನ ಬಾಟಲಿ ಕೊಟ್ಟಳು. ಆ ದನಿಯಲ್ಲಿ ತನಗೂ ಅದೇ ಬೇಕು ಎಂಬಂಥದ್ದೇನೋ ಮೇಷ್ಟ್ರಿಗೆ ಕೇಳಿಸಿತು.

ಕೊನೆಯ ಬುಟ್ಟಿ ಇಳಿಜಾರಿನ ತಳದಲ್ಲಿತ್ತು, ಒಂದು ದಪ್ಪ ಮರದ ಮರೆಯಲ್ಲಿ. ಮೇಷ್ಟ್ರು ಹೇಗೋ ಉರುಳಿಸಿ, ಜಾರಿಸಿ, ಕಡೆಗೆ ಹತ್ತಿರ ಹೋಗಿ ತಟ್ಟೆಯನ್ನು ಬುಟ್ಟಿಗೆ ಹಾಕಿಯೇಬಿಟ್ಟರು. ಝಲ್! ಮೇಲಕ್ಕೆ ಹತ್ತಿ ಬಂದು ಎರಡೂ ಕಾಲೂರಿ ನಿಂತು, ಮೀಸೆ ಒರೆಸಿಕೊಂಡರು. ಭಾವಮೈದನೂ ಮುಗಿಸಿದ್ದ. ಉಳಿದದ್ದು ಮಗಳ ಸರದಿಯೊಂದೇ.

ಅವಳು ನಾಲ್ಕು ಹೆಜ್ಜೆ ಓಡಿ ಬೀಸಿದಳು. ತಟ್ಟೆ ಹೊರಟಿತು ನೋಡಿ, ಬಾಣದ ಹಾಗೆ, ನೆಟ್ಟಗೆ ಆ ದಪ್ಪ ಮರದ ಕಡೆಗೆ.

ಧಡ್!

ಸದ್ದು ಮರದ್ದಲ್ಲ, ಮೇಷ್ಟ್ರ ಬಲಗಾಲಿನದು. ಬೂಟಿನಡಿ ಒಣಕಡ್ಡಿ ಪಟ್ಟೆಂದು ಮುರಿಯಿತು. ಅದೇ ಹೊತ್ತಿಗೆ ತಟ್ಟೆ ಮರದ ಮುಂದೆ ಮೆಲ್ಲನೆ ಎಡಕ್ಕೆ ಬಾಗಿ, ತೊಗಟೆಯನ್ನು ಸವರಿಕೊಂಡು, ಬುಟ್ಟಿಯ ಪಕ್ಕ ಹೋಗಿ ಮಲಗಿತು.

ಮಗಳೂ ಭಾವಮೈದನೂ ತಿರುಗಿ ಮೇಷ್ಟ್ರ ಬಲಗಾಲನ್ನು ನೋಡಿದರು.

"ನನ್ನ ಎಸೆತಕ್ಕೆ ಒತ್ತಿದ್ದಲ್ಲವಲ್ಲ!" ಮೇಷ್ಟ್ರು ವಕೀಲರಾದರು. "ನಂದು ಮುಗಿದಿತ್ತು. ಇದು ಇವಳದ್ದು!"

"ಅದೇ ಅಪ್ಪಾ," ಎಂದಳು ಮಗಳು. "ಕಾರು ಓಡಿಸೋಳೂ ನಾನೇ ತಾನೇ? ತಟ್ಟೆ ತಿರುಗತ್ತೆ ಅಂತ ನನಗೆ ಗೊತ್ತಿತ್ತು."

ಭಾವಮೈದ ಮೋಡದ ಎಕ್ಸ್‌ರೇ ತೆಗೆಯುವವನಂತೆ ಆಕಾಶ ನೋಡುತ್ತ ನಿಂತ. ಮೇಷ್ಟ್ರು ಮುರಿದ ಕಡ್ಡಿಯನ್ನು ಎತ್ತಿ ನೋಡಿದರು, ಎಸೆದರು. "ಹೂಂ. ಕನ್ನಡಿ ನೋಡ್ಕೊಂಡು ಓಡ್ಸು," ಎಂದರು.

ಆ ವಾರ ಹಿಂದಿನ ಬೀದಿಯ ಮೇಡಂ ಕಾರು ಮೇಷ್ಟ್ರ ಸ್ಕೂಲಿನ ಮುಂದೆಯೇ ಬಂತು. ಸ್ಟೇರಿಂಗಿನಲ್ಲಿ ಮಗಳು. ಪಕ್ಕದಲ್ಲಿ ಮೇಡಂ, ಕಣ್ಣು ಮುಚ್ಚಿದ್ದದ್ದು ನಿಜ. ಎದುರಿಗೆ ತರಕಾರಿ ಗಾಡಿ, ಹಿಂದೆ ಬಸ್ಸಿನ ಹಾರ್ನ್. ಮೇಷ್ಟ್ರು ತಮ್ಮ ಕಾರಿಗೆ ಒರಗಿ ನಿಂತಿದ್ದವರು ಒರಗುವುದನ್ನು ಬಿಟ್ಟರು.

"ಸರ್, ಹೊರಡೋಣ್ವಾ?" ಎಂದ ಕಾದಿದ್ದ ವಿದ್ಯಾರ್ಥಿ. "ಸರ್, ಕಾಲಿಗೇನಾಯ್ತು ಸರ್?"

"ಸ್ವಲ್ಪ ತಡಿಯಪ್ಪ," ಎಂದರು ಮೇಷ್ಟ್ರು. ಮಗಳ ಕಾರು ಗಾಡಿಯನ್ನು ಬಳಸಿ, ಇಂಡಿಕೇಟರ್ ಮಿನುಗಿಸಿ, ಮೂಲೆಯಲ್ಲಿ ತಿರುಗಿ ಮರೆಯಾಗುವ ತನಕ ನಡುಬೀದಿಯಲ್ಲಿ ಎಡಗಾಲೆತ್ತಿ ನಿಂತೇ ಇದ್ದರು.