ಬದಲಿ ಬರುವತನಕ

ನಮ್ಮ ಇತಿಹಾಸದ ಮಾಸ್ತರರದು ಸೀಮೆಸುಣ್ಣ ಹಿಡಿಯುವವರ ಅಂಗೈ ಅಲ್ಲ. ಸಲಿಕೆ ಹಿಡಿದು ಹಿಡಿದು ಬೆರಳ ಬುಡವೆಲ್ಲ ಜಡ್ಡುಗಟ್ಟಿ, ಬಿರುಕುಗಳಲ್ಲಿ ಎರೆಮಣ್ಣು ಕಪ್ಪು ಗೆರೆಯಾಗಿ ಕೂತಿತ್ತು. ಮಸ್ಕಿಯ ಶಾಲೆಯಲ್ಲಿ ರೋಮನ್ ಸೈನಿಕರ ಪಾಠ ಬಂದರೆ ಪುಸ್ತಕ ಮುಚ್ಚಿಸಿ ಮೈದಾನಕ್ಕೆ ಕರೆದೊಯ್ಯುತ್ತಿದ್ದರು. ನಡೆದು ನಡೆದು ದಣಿದ ಆ ಸೈನಿಕರು ಮಲಗುವ ಮೊದಲು ಬೀಡಿನ ಸುತ್ತ ಕಂದಕ ತೋಡಬೇಕಿತ್ತಂತೆ. ತೋಡಿದ ಮಣ್ಣಿನಿಂದ ಒಳಗಡೆ ಒಡ್ಡು, ಒಡ್ಡಿನ ಮೇಲೆ ಗೂಟ, ನಾಲ್ಕು ಕಡೆ ನಾಲ್ಕು ಬಾಗಿಲು. ಯುದ್ಧವಿಲ್ಲದ ದಿನಗಳಲ್ಲೂ ಅದನ್ನೇ ಕಟ್ಟಿ ಕೆಡವಿ ಕಲಿಯುತ್ತಿದ್ದರಂತೆ. ನಮಗೂ ಅದೇ ಗತಿ. ಅಳತೆ ಒಂದು ಗೇಣು ತಪ್ಪಿದರೂ ಮುಚ್ಚಿಸಿ ಮತ್ತೆ ತೋಡಿಸುವರು. ಬೊಬ್ಬೆ ಎದ್ದ ಕೈ ತೋರಿಸಿದರೆ ತಮ್ಮ ಅಂಗೈ ತೋರಿಸಿ ನಗುವರು. ಮನಸ್ಸಿನಲ್ಲಿ ಅವರನ್ನು ಎಷ್ಟು ಬೈದುಕೊಂಡಿದ್ದೇನೋ!

ಒಂದು ಕಟ್ಟಪ್ಪಣೆ ಇತ್ತು. ಬಾಗಿಲು ಕಾಯುವವರು ಬದಲಿ ಬರುವತನಕ ಕದಲುವಂತಿಲ್ಲ. ಬದಲಿಗೆ ಬಂದವರು ಅಂದಿನ ಗುಟ್ಟಿನ ಪದ ಹೇಳಬೇಕು. ಒಂದು ಸಂಜೆ ಆ ಪದ ‘ಬಿಳಿಜೋಳ’. ಕೋಲು ಹಿಡಿದು ನಿಂತವರು ಸ್ವತಃ ಮಾಸ್ತರು, ಬದಲಿ ನಾನು. ನಮ್ಮೂರು ಜವಳಗೇರಾದ ಬಸ್ಸು ಕಂಡದ್ದೇ ತಡ, ಎಲ್ಲ ಮರೆತು ಹತ್ತಿಬಿಟ್ಟೆ. ಬೆಳಿಗ್ಗೆ ಬಂದು ನೋಡಿದರೆ ಅವರು ಅಲ್ಲೇ ನಿಂತಿದ್ದರು. ಅಂಗಿ ಮಂಜಿಗೆ ತೊಯ್ದಿತ್ತು. ಬೈಯಲಿಲ್ಲ, ನನ್ನ ಬಾಯನ್ನೇ ನೋಡಿದರು. ಹೆದರಿ, ಪದ ಹೇಳದೆ ಓಡಿಹೋದೆ. ಆಮೇಲೆ ಪಾಠಕ್ಕೆ ಬಂದರೂ ಅವರು ಆ ಮಾತು ಎತ್ತಲೇ ಇಲ್ಲ.

ಹೋದ ವರ್ಷ ಅವರ ಮಗಳು, ಹೇಗೋ ನನ್ನ ನಂಬರು ಹುಡುಕಿ, ಲಿಂಗಸುಗೂರಿನಿಂದ ಫೋನ್ ಮಾಡಿದಳು. ಮಾಸ್ತರರಿಗೆ ಮಗಳ ಗುರುತೂ ಉಳಿದಿಲ್ಲ, ಮೂರು ದಿನದಿಂದ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಾರೆ, ಮಲಗಿಸಿದರೆ ಎದ್ದು ಬರುತ್ತಾರೆ, ಕಾಲು ಬಾತಿವೆ ಎಂದಳು.

“ಮಲಗದಿದ್ರ ಉಳಿಯಾಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ್ರೀ ಅಕ್ಕಾ. ‘ಜವಳಗೇರಾದಾಕಿ ಬರ್ಬೇಕು’ ಅಂತ ಒಂದ ಮಾತು ಹಿಡದಾರ.”

ನಾನೀಗಿರುವ ಸಿಂಧನೂರಿನಿಂದ ಸಿಕ್ಕ ಬಸ್ಸು ಹತ್ತಿ ಮಧ್ಯಾಹ್ನಕ್ಕೆ ಮುಟ್ಟಿದೆ. ಮನೆಯ ಸುತ್ತ ಕಂದಕ, ಒಳಗಡೆ ಒಡ್ಡು. ಅಳತೆ ಒಂದು ಗೇಣೂ ತಪ್ಪಿರಲಿಲ್ಲ. ಸೊಂಟ ಬಾಗಿದ ಆ ಜೀವ ಅದನ್ನು ಯಾವಾಗ ತೋಡಿತೋ ಯಾರೂ ನೋಡಿಲ್ಲವಂತೆ. ಮನೆಯಲ್ಲಿ ಸಲಿಕೆಯೇ ಇಲ್ಲವೆಂದು ಮಗಳು ಪಿಸುಗುಟ್ಟಿದಳು.

ಮಾಸ್ತರು ನನ್ನ ಬಾಯನ್ನೇ ನೋಡಿದರು.

“ಬಿಳಿಜೋಳ,” ಅಂದೆ.

“ಭಾಳ ತಡ ಮಾಡಿದಿ ನೋಡವ್ವಾ,” ಎಂದು ಕೋಲನ್ನು ನನ್ನ ಕೈಗಿಟ್ಟು, ಒಳಗೆ ಹೋಗಿ ಮಲಗಿದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಮಗಳು ಹೊರಬಂದು, ಅಪ್ಪ ಹೋದರು, ಒಳಗೆ ಬನ್ನಿ ಎಂದು ಕರೆದಳು. ಹೋಗಬೇಕು, ಆ ಜಡ್ಡುಗಟ್ಟಿದ ಅಂಗೈಯನ್ನು ಒಮ್ಮೆ ಹಿಡಿಯಬೇಕು ಅನ್ನಿಸಿತು. ಆದರೆ ನನ್ನ ಕಾಲು ನೆಲ ಬಿಟ್ಟು ಏಳಲಿಲ್ಲ.

“ಮೊದ್ಲ ಬಿಳಿಜೋಳ ಅನ್ನವ್ವಾ,” ಎಂದು ಆಕೆಯನ್ನು ಬೇಡಿಕೊಂಡೆ.