ಮುದಿ ಪಿಚರ್‌ನ ವಕೀಲರು

ನಾನು ಬೇಸ್‌ಬಾಲ್ ಕಲಿತದ್ದು ಆಟದ ಮೇಲಿನ ಪ್ರೀತಿಯಿಂದಲ್ಲ, ಹೆದರಿಕೆಯಿಂದ.

ಸೌದಿಯ ದಹ್ರಾನಿನಲ್ಲಿ ಒಂದು ಗುತ್ತಿಗೆ ಕಂಪೆನಿಯ ಪೋರ್ಟಾ ಕ್ಯಾಬಿನ್ನಿನಲ್ಲಿ ನಮ್ಮ ವಿಭಾಗವಿತ್ತು. ಪೈಪ್‌ಲೈನುಗಳ ನಕ್ಷೆಗಳನ್ನು ಜೋಡಿಸಿಡುವುದು, ಕೇಳಿದವರಿಗೆ ತೆಗೆದುಕೊಡುವುದು, ಇಷ್ಟೇ ಕೆಲಸ. ಕರಾವಳಿಯ ನಾವು ಮೂವರು, ನಮ್ಮ ಮೇಲೆ ಅಮೆರಿಕದ ಒಬ್ಬ ಸಾಹೇಬರು. ನಮ್ಮ ಮೂವರ ಮನೆಗಳಲ್ಲಿ ಯಾರು ಯಾರಿದ್ದಾರೆಂದು ಸಾಹೇಬರಿಗೆ ಗೊತ್ತಿರಲಿಲ್ಲ. ಆದರೆ ತಮ್ಮ ಊರಿನ ಬೇಸ್‌ಬಾಲ್ ತಂಡದ ಪಿಚರ್‌ನ ಮೊಣಕೈಯಲ್ಲಿ ಯಾವ ನರ ಎಲ್ಲಿ ಊದಿಕೊಂಡಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಪಿಚರ್ ಎಂದರೆ ಚೆಂಡೆಸೆಯುವವನು, ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ.

ಅಲ್ಲಿಯ ಸಂಜೆಯ ಪಂದ್ಯ ಇಲ್ಲಿ ಬೆಳಗಿನ ಜಾವಕ್ಕೆ ಬರುತ್ತದೆ. ಸಾಹೇಬರು ಕಣ್ಣು ಕೆಂಪಗೆ ಮಾಡಿಕೊಂಡು ಆಫೀಸಿಗೆ ಬಂದು, ಹತ್ತು ಗಂಟೆಯ ಚಹಾಕ್ಕೆ ನಮ್ಮನ್ನು ಸುತ್ತ ಕೂರಿಸಿಕೊಂಡು ತಂಡ ನಡೆಸಲು ಶುರುಮಾಡುತ್ತಿದ್ದರು. ಯಾರನ್ನು ಯಾರಿಗೆ ಬದಲಿ ಕೊಡಬೇಕು, ಯಾರಿಗೆ ಸಂಬಳ ಹೆಚ್ಚಾಯಿತು, ಎಲ್ಲ ಅವರೇ ತೀರ್ಮಾನಿಸುವರು. ಅವರ ಪ್ರಕಾರ ತಂಡದ ಮಾಲೀಕ ಕತ್ತೆ, ಮ್ಯಾನೇಜರ್ ಅದಕ್ಕಿಂತ ದೊಡ್ಡ ಕತ್ತೆ. ಸ್ವಂತ ವಿಭಾಗಕ್ಕೆ ಒಂದು ಹೊಸ ಪ್ರಿಂಟರ್ ತರಿಸಲಾಗದ ಮನುಷ್ಯ ಹನ್ನೆರಡು ಸಾವಿರ ಕಿಲೋಮೀಟರ್ ಆಚೆಯ ತಂಡವನ್ನು ಹೀಗೆ ದಿನಕ್ಕೊಮ್ಮೆ ಉದ್ಧಾರ ಮಾಡುತ್ತಿದ್ದರು. ನಾವು ಹೌದೌದು ಎಂದು ತಲೆಯಾಡಿಸುತ್ತಿದ್ದೆವು. ತಲೆಯಾಡಿಸಲು ಆಟದ ನಿಯಮ ತಿಳಿದಿರಬೇಕೆಂದೇನಿಲ್ಲ.

ಆ ವರ್ಷ ಪ್ರಾಜೆಕ್ಟ್ ಮುಗಿಯುತ್ತ ಬಂದಿತ್ತು. ಡಿಸೆಂಬರಿಗೆ ನಮ್ಮಲ್ಲಿ ಒಂದು ತಲೆ ಕಡಿಮೆ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿತು. ಮೂವರಲ್ಲಿ ವಯಸ್ಸಿನಲ್ಲೂ ಸಂಬಳದಲ್ಲೂ ದೊಡ್ಡವರು ಕಾಕ. ಬಂಟ್ವಾಳದ ಕಡೆಯ ಬ್ಯಾರಿ, ಎಲ್ಲರಿಗೂ ಕಾಕ. ಅವರ ಮಗಳು ಇಲ್ಲಿಯ ಇಂಡಿಯನ್ ಶಾಲೆಯಲ್ಲಿ ಹನ್ನೆರಡನೇ ಕ್ಲಾಸು; ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಕೆಲಸ ಹೋದರೆ ಕಾಕನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಹೋಗುತ್ತದೆ; ಇಕಾಮಾ ಹೋದರೆ ಹೆಂಡತಿ ಮಗಳೂ ಜತೆಗೇ ಗಂಟುಮೂಟೆ ಕಟ್ಟಬೇಕು. ವರ್ಷದ ನಡುವೆ ಊರಿನ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ.

"ಮಾರ್ಚ್ ಒಂದು ದಾಟಲಿ ಮಾರಾಯ, ಮತ್ತೆ ಬೇಕಾದರೆ ನನ್ನನ್ನು ಸಮುದ್ರಕ್ಕೆ ಬಿಸಾಡಲಿ" ಎನ್ನುತ್ತಿದ್ದರು ಕಾಕ.

ಕಾಕನ ಬದಲು ನಾನು ಹೋಗುತ್ತೇನೆ ಎನ್ನುವಷ್ಟು ಧರ್ಮಾತ್ಮರು ನಾವಿಬ್ಬರೂ ಅಲ್ಲ. ಆದರೆ ಮೂರು ತಿಂಗಳು ತಳ್ಳುವುದು ಸಾಹೇಬರ ಕೈಯಲ್ಲಿತ್ತು. ಅಷ್ಟನ್ನಾದರೂ ಗಿಟ್ಟಿಸಬೇಕು ಎಂದುಕೊಂಡಿದ್ದೆವು.

ಅಂಥ ಹೊತ್ತಿನಲ್ಲಿ ಒಂದು ದಿನ ಚಹಾ ಕುಡಿಯುತ್ತ ಸಾಹೇಬರು ಅಂದರು: "ಆ ಮುದಿ ಪಿಚರ್‌ನನ್ನು ಇನ್ನು ಇಟ್ಟುಕೊಳ್ಳಬಾರದು. ನಲವತ್ತು ದಾಟಿದೆ, ತಂಡದಲ್ಲೇ ದೊಡ್ಡ ಸಂಬಳ. ಈ ಸಲ ಕರಾರು ಮುಗಿದದ್ದೇ ಕಳಿಸಿಬಿಡಬೇಕು."

ಪಕ್ಕದಲ್ಲಿದ್ದ, ನಮ್ಮ ಮೂವರಲ್ಲಿ ಇನ್ನೊಬ್ಬನಾದ ಭಟ್ಕಳದ ಗೆಳೆಯ ಮೇಜಿನ ಕೆಳಗಿನಿಂದ ನನ್ನ ಕಾಲು ತುಳಿದ. ಕಾಕ ಆಗ ಅಲ್ಲಿರಲಿಲ್ಲ. ಚಹಾದ ಹೊತ್ತಿಗೆ ನಕ್ಷೆ ಕೊಡುವ ಕಿಟಕಿಯಲ್ಲಿ ಅವರೇ ಕೂರುತ್ತಿದ್ದರು. ಹೊರಗೆ ಬಂದದ್ದೇ ಗೆಳೆಯ ಪಿಸುಗುಟ್ಟಿದ, "ಪಿಚರ್ ಅಲ್ಲ ಮಾರಾಯ, ಅವರು ಹೇಳಿದ್ದು ನಮ್ಮ ಕಾಕನ ವಿಷಯ. ಅರ್ಥ ಆಗ್ಲಿಲ್ವಾ ನಿಂಗೆ?"

ನನಗೂ ಹಾಗೇ ಅರ್ಥವಾಗಿತ್ತು. ನಮ್ಮ ಕಡೆ ಮುಖ್ಯ ವಿಷಯವನ್ನು ಯಾರೂ ನೇರವಾಗಿ ಎತ್ತುವುದಿಲ್ಲ. ಹೆಣ್ಣು ಕೇಳಲು ಹೋದವರು ಮೊದಲು ಒಂದು ಗಂಟೆ ಬಂಗುಡೆಯ ರೇಟು ಮಾತಾಡುತ್ತಾರೆ. ಎದ್ದು ಚಪ್ಪಲಿ ಮೆಟ್ಟುವಾಗ "ಹಾಗಾದ್ರೆ ನಮ್ಮ ಹುಡುಗನ ವಿಷಯ..." ಎಂದು ರಾಗ ಎಳೆಯುತ್ತಾರೆ. ಹುಡುಗ ಇಷ್ಟವಿಲ್ಲದಿದ್ದರೆ ಉತ್ತರವೂ ಬಂಗುಡೆಯಲ್ಲೇ ಬರುತ್ತದೆ. ಸಾಹೇಬರೂ ಹೀಗೇ ಮಾತಾಡುತ್ತಿದ್ದಾರೆ, ನಾವೂ ಬೇಸ್‌ಬಾಲಿನಲ್ಲೇ ಉತ್ತರ ಕೊಡಬೇಕು ಎಂದು ತೀರ್ಮಾನವಾಯಿತು.

ಶುಕ್ರವಾರ ಜುಮಾ ನಮಾಜು ಮುಗಿಸಿ, ಬಿರಿಯಾನಿ ಉಂಡು, ಫೋನಿನಲ್ಲಿ ಹಳೆಯ ಪಂದ್ಯ ಹಾಕಿಕೊಂಡು ಓದಲು ಕುಳಿತೆವು. ಪಿಯುಸಿಗೂ ನಾನು ಅಷ್ಟು ಓದಿದವನಲ್ಲ.

"ಇವ ಓಡುವುದು ಎಲ್ಲಿಗೆ?" ಎಂದೆ.

"ಸುತ್ತು ಹಾಕಿ ಹೊರಟ ಜಾಗಕ್ಕೇ ವಾಪಸ್ ಬರುವುದು."

"ಅಷ್ಟಕ್ಕೆ ಇಷ್ಟು ದುಡ್ಡಾ?"

"ನಾವೂ ಅದನ್ನೇ ಅಲ್ವಾ ಮಾಡುವುದು? ನಮ್ಗೆ ಚಪ್ಪಾಳೆ ಹೊಡಿಯುವವ್ರಿಲ್ಲ ಅಷ್ಟೆ" ಎಂದ ಗೆಳೆಯ.

ಭಾನುವಾರದಿಂದ ವಕಾಲತ್ತು ಶುರುವಾಯಿತು. ಗೆಳೆಯ ತಲೆಮಾರುಗಳಿಂದ ಬಟ್ಟೆ ಮಾರಿದ ಮನೆತನದವನು. ಬಣ್ಣ ಬಿಡುವ ಸೀರೆಯನ್ನೂ ಒಗೆದಷ್ಟು ಹೊಳೆಯುತ್ತದೆ ಎಂದು ಮಾರುವ ನಾಲಿಗೆ. ಮುದಿ ಪಿಚರ್‌ನ ಗುಣಗಾನಕ್ಕೆ ನಿಂತ. ಅನುಭವಕ್ಕೆ ಬೆಲೆ ಕಟ್ಟಲಾಗುವುದಿಲ್ಲ ಸಾರ್, ಎಳೆಯರಿಗೆ ದಾರಿ ತೋರಿಸುವವರು ಬೇಕಲ್ಲ ಸಾರ್ ಎಂದ. ನಾನೂ ಸೇರಿಕೊಂಡೆ. ನನಗೆ ಆ ಪಿಚರ್‌ನ ಮುಖವೂ ಸರಿಯಾಗಿ ಗೊತ್ತಿರಲಿಲ್ಲ, ಹಾಗಾಗಿ ಕಾಕನನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿದೆ. ಸಮಯಕ್ಕೆ ಸರಿಯಾಗಿ ಬರುತ್ತಾನೆ, ಸುಮ್ಮನೆ ರಜೆ ಹಾಕುವುದಿಲ್ಲ, ಯಾರ ಮೇಲೂ ಚಾಡಿ ಹೇಳುವುದಿಲ್ಲ. ಸಾಹೇಬರು ಅಚ್ಚರಿಯಿಂದ ನೋಡಿದರು. ಅವರ ಬಳಿ ಅಂಕಿಅಂಶಗಳಿದ್ದವು, ಆದರೆ ಚಾಡಿಯ ಅಂಕಿ ಇರಲಿಲ್ಲ.

ವಾರಗಟ್ಟಲೆ ವಾದ ನಡೆಯಿತು. ಒಂದು ದಿನ ಸಾಹೇಬರು ಪಟ್ಟು ಬಿಡದಿದ್ದಾಗ ಗೆಳೆಯನಿಗೆ ತಡೆಯಲಾಗಲಿಲ್ಲ. "ಈಗ ಕಳಿಸಿದರೆ ಅವನ ಮಗಳ ಗತಿಯೇನು ಸಾರ್? ಹನ್ನೆರಡನೇ ಕ್ಲಾಸು. ಮಾರ್ಚಿನಲ್ಲಿ ಪರೀಕ್ಷೆ!"

ಸಾಹೇಬರು ಕಪ್ಪನ್ನು ಕೆಳಗಿಟ್ಟರು. "ಅವನಿಗೆ ಮಗಳಿದ್ದಾಳೆಯೆ? ಇದನ್ನು ನಾನೆಲ್ಲೂ ಓದಲಿಲ್ಲವಲ್ಲ."

"ಮನೆಯ ವಿಷಯ ಸಾರ್, ಹೇಳಿಕೊಳ್ಳುವ ಜನ ಅಲ್ಲ" ಎಂದೆ ನಾನು. ಬಾಯಿಗೆ ಬಂದದ್ದು ಅದೇ.

ಸಾಹೇಬರು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಅಂದಿನಿಂದ ಅವರು ಬೇರೆಯೇ ಮನುಷ್ಯ. ಅಭಿಮಾನಿಗಳ ಇಂಟರ್‌ನೆಟ್ ಕಟ್ಟೆಯಲ್ಲಿ ಉದ್ದುದ್ದ ಬರೆದರು: ತಂಡವೆಂದರೆ ಬರೀ ಲೆಕ್ಕಾಚಾರವೇ, ಮನುಷ್ಯತ್ವ ಬೇಡವೇ, ಒಂದು ಹೆಣ್ಣುಮಗುವಿನ ಓದು ನಡುದಾರಿಯಲ್ಲಿ ನಿಲ್ಲಬೇಕೇ? ಬರೆದದ್ದನ್ನು ನಮಗೆ ಎರಡೆರಡು ಸಲ ಓದಿ ಹೇಳುತ್ತಿದ್ದರು. ಗೆಳೆಯನೂ ನಾನೂ ಬಾತ್‌ರೂಮಿಗೆ ಹೋಗಿ ಕೈ ಕೈ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. ಕಾಕ ಗೆದ್ದರು ಎಂದೇ ನಂಬಿದ್ದೆವು.

ನವೆಂಬರ್ ಕೊನೆಯಲ್ಲಿ ತಂಡದವರು ಆ ಮುದಿ ಪಿಚರ್‌ನ ಕರಾರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದರು. ಸಾಹೇಬರು ಒಂದು ಪೆಟ್ಟಿಗೆ ಡೋನಟ್ ತಂದು ನಮ್ಮ ಬೆನ್ನು ತಟ್ಟಿದರು. "ನನ್ನ ಕಣ್ಣು ತೆರೆಸಿದವರು ನೀವು" ಎಂದರು.

ಡೋನಟ್ ತಿಂದು ಮುಗಿಯುವ ಮೊದಲೇ ಕಾಕನನ್ನು ಒಳಗೆ ಕರೆದು ಕಾಗದ ಕೊಟ್ಟರು. ಡಿಸೆಂಬರ್ ಮೂವತ್ತೊಂದು, ಫೈನಲ್ ಎಕ್ಸಿಟ್. ಕೆಲಸ ಮುಗಿಯಿತು, ದೇಶ ಬಿಡಬೇಕು ಎಂದರ್ಥ.

ಜೀವಮಾನದಲ್ಲಿ ಮೊದಲ ಸಲ ನಾವಿಬ್ಬರು ಬಂಗುಡೆಯ ರೇಟು ಮಾತಾಡದೆ ನೇರವಾಗಿ ಕೇಳಿದೆವು. ಕಾಕನಿಗೆ ಹನ್ನೆರಡನೇ ಕ್ಲಾಸಿನಲ್ಲಿ ಓದುವ ಮಗಳಿದ್ದಾಳೆ ಸಾರ್, ಮಾರ್ಚಿನವರೆಗೆ ಮಾತ್ರ ಇಟ್ಟುಕೊಳ್ಳಿ ಎಂದೆವು. ಸಾಹೇಬರು ನಮ್ಮನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಏನೂ ತಿಳಿಯದ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದರು: "ಮಕ್ಕಳು ಎಲ್ಲರಿಗೂ ಇದ್ದಾರೆ. ಇಲ್ಲಿ ಭಾವನೆ ನಡೆಯುವುದಿಲ್ಲ. ಇದು ಬೇಸ್‌ಬಾಲ್ ಅಲ್ಲ."

ಮೊದಲೇ ನೇರ ಕೇಳಿದ್ದರೆ ಸಿಗುತ್ತಿತ್ತೇ, ಗೊತ್ತಿಲ್ಲ. ಅವರು ಮೊದಲಿನಿಂದಲೂ ಬೇಸ್‌ಬಾಲನ್ನಷ್ಟೇ ಮಾತಾಡಿದ್ದರು ಎಂಬುದು ಮಾತ್ರ ಆಗ ತಿಳಿಯಿತು.

ಹೊರಗೆ ಕಾಕ ಡ್ರಾಯರ್ ಖಾಲಿ ಮಾಡುತ್ತಿದ್ದರು. ನಮ್ಮ ಮುಖ ನೋಡಿ ಅವರೇ ಸಮಾಧಾನಕ್ಕೆ ಇಳಿದರು.

"ಬಿಡಿ, ಬೇಜಾರು ಮಾಡ್ಬೇಡಿ. ಸಾಹೇಬ್ರು ಕಾಗದ ಕೊಡುವಾಗ ಪಾಪ, ಒಳ್ಳೆ ಸುದ್ದಿನೂ ಒಂದು ಹೇಳಿದ್ರು. ಎಂತದೋ ಚೆಂಡಾಟದವ ಉಂಟಂತೆ, ಅವನ ಕೆಲಸ ಉಳಿಯಿತಂತೆ."

"ಹೌದು ಕಾಕ."

"ಅವನಿಗೂ ನನ್ನ ಹಾಗೇ ಒಬ್ಬಳು ಮಗಳಂತಲ್ಲ, ಹನ್ನೆರಡನೇ ಕ್ಲಾಸು?" ಕಾಕ ಡ್ರಾಯರ್ ಮುಚ್ಚಿದರು. "ಅಲ್‌ಹಮ್ದುಲಿಲ್ಲಾ. ಅವಳಾದ್ರೂ ಪರೀಕ್ಷೆ ಬರೀಲಿ."