ಎಪ್ಪತ್ತೆರಡರಿಂದ ಅರವತ್ತೊಂದಕ್ಕೆ

ಗಡಿಯಾಚೆ ಮರಾಠಿ ನಾಡಿಗೆ ಸೇರಿದ ಯೆಣೆಗೂರದ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಲಲಿತಾಬಾಯಿ ಇಪ್ಪತ್ತಾರು ವರ್ಷಗಳಿಂದ ಪಾಠ ಹೇಳುತ್ತಿದ್ದರು. ಮಕ್ಕಳ ಓದನ್ನು ಸುಧಾರಿಸಲೆಂದು ಕಳೆದ ವರ್ಷ ಅಲ್ಲಿಗೊಂದು ಯೋಜನೆ ಬಂದಿತು. ಜೂನಿನಲ್ಲಿ ಒಂದು ಪರೀಕ್ಷೆ, ಮಾರ್ಚಿನಲ್ಲಿ ಇನ್ನೊಂದು. ಮಕ್ಕಳ ಸರಾಸರಿ ಅಂಕ ಏರಿದರೆ ಯೋಜನೆ ಫಲಿಸಿತೆಂದು ತಿಳಿಯಬೇಕು. ಏರದಿದ್ದರೆ ಹತ್ತೊಂಬತ್ತೇ ಮಕ್ಕಳಿದ್ದ ಆ ಶಾಲೆಯನ್ನು ಮುಚ್ಚಿ ಮರಾಠಿ ಶಾಲೆಗೆ ಸೇರಿಸುವ ಮಾತು ನಡೆದಿತ್ತು.

ಲಲಿತಾಬಾಯಿ ಮೈಮುರಿದು ದುಡಿದರು. ಶಾಲೆ ಬಿಟ್ಟ ಮೇಲೂ ಒಂದು ತಾಸು ಮಕ್ಕಳನ್ನು ಕೂಡ್ರಿಸಿಕೊಂಡು, ಅವರ ಮನೆಯ ಮಾತುಗಳನ್ನೇ ಬರೆಯಿಸಿ ಓದಿಸಿದರು. ಅಕ್ಷರ ಕಂಡರೆ ಅಳುತ್ತಿದ್ದ ಮೀನಲ ಸಂಕ್ರಾಂತಿಯ ಹೊತ್ತಿಗೆ ಎಣ್ಣೆ ಡಬ್ಬಿಯ ಮೇಲಿನ ಬರಹವನ್ನೂ ಬಿಡದೆ ಓದತೊಡಗಿದಳು.

ಏಪ್ರಿಲಿನಲ್ಲಿ ಆ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಕೇಂದ್ರಪ್ರಮುಖ ವಿರೂಪಾಕ್ಷ ಬಂದು ಫಲಿತಾಂಶದ ಹಾಳೆ ಚಾಚಿದರು.

"ಇದೇನ್ರಿ ಬಾಯಾರ? ಜೂನಿಗೆ ಎಪ್ಪತ್ತೆರಡು, ಮಾರ್ಚಿಗೆ ಅರವತ್ತೊಂದು! ವರ್ಷಪೂರ್ತಿ ಕಲಿಸಿ, ಬಂದದ್ದೂ ಮರೆಸಿದ್ರೇನು?"

ಲಲಿತಾಬಾಯಿ ಹಾಳೆಯ ಮೇಲಿನ ಎರಡೂ ಅಂಕಿಗಳನ್ನು ನೋಡಿದರು. ಜೂನಿನ ಪ್ರಶ್ನಪತ್ರಿಕೆ ತಪ್ಪಿ ಮರಾಠಿಯಲ್ಲಿ ಬಂದಿತ್ತು. ಮಿಕಿಮಿಕಿ ನೋಡುತ್ತ ಕುಳಿತ ಮಕ್ಕಳಿಗೆ ಅವರು ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದ್ದರು. ಹೇಳುತ್ತ ಹೇಳುತ್ತ, ಪಾಠ ಮಾಡಿ ರೂಢಿಯಾದ ಬಾಯಿಂದ ಅರ್ಧ ಉತ್ತರವೂ ಹೊರಬಿದ್ದಿತ್ತು. ಮಾರ್ಚಿನ ಪತ್ರಿಕೆ ಕನ್ನಡದಲ್ಲೇ ಬಂತು. ಮಕ್ಕಳು ತಾವೇ ಓದಿದರು, ತಾವೇ ಬರೆದರು.

"ಜೂನಿನ ಮಾರ್ಕು ನನ್ನವು ರೀ ಸರ, ಹುಡುಗುರವಲ್ಲ. ಅರವತ್ತೊಂದೇ ಖರೇ. ಬೇಕಾದ್ರ ಈ ಮೀನಲ ಓದೂದು ಕೇಳ್ರಿ."

ವಿರೂಪಾಕ್ಷ ತಮ್ಮ ಬುತ್ತಿ ಸುತ್ತಿದ್ದ ಕಲಬುರಗಿಯ ಕನ್ನಡ ದಿನಪತ್ರಿಕೆಯ ಹಾಳೆಯನ್ನೇ ಮೀನಲಳ ಕೈಗೆ ಕೊಟ್ಟರು. ಹುಡುಗಿ ಎಣ್ಣೆಯ ಕಲೆ ದಾಟಿ ದಾಟಿ ಪೂರ್ತಿ ಓದಿದಳು.

"ಛಲೋ ಓದತಾಳ. ಆದ್ರ ಮಾರ್ಕು ತುಂಬೂ ಮೊಬೈಲಿನ್ಯಾಗ ಇದನ್ನ ಬರಿಯಾಕ ಜಾಗಾನೇ ಇಲ್ಲಲ್ರಿ."

"ಹಂಗಾರ ಜೂನಿಗೆ ತಪ್ಪು ಮಾಡೀನಿ ಅಂತ ಬರಕೊಡ್ತೀನಿ."

"ಹುಚ್ಚಿ ಆಗಬ್ಯಾಡ್ರಿ ಬಾಯಾರ! ನಿಮ್ಮ ಮ್ಯಾಲೆ ಚೌಕಶಿ, ವಿಚಾರಣಿ ಕೂಡತದ. ಜೂನಿಂದು ರದ್ದಾದ್ರ ಏರೇದೋ ಇಳದದೋ ಅಂತ ನೋಡೂ ಅಳತಿನೇ ರದ್ದು. ಸಾಲಿ ಉಳೀತದಂತ ಯಾರ ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ಆದರೂ ಲಲಿತಾಬಾಯಿ ಬರೆದು, ಸಹಿ ಹಾಕಿಕೊಟ್ಟರು. ವಿರೂಪಾಕ್ಷ ಅದನ್ನು ಎರಡು ಸಲ ಓದಿ, ಚೀಲಕ್ಕೆ ಹಾಕಿಕೊಂಡು ಹೋದರು.

ಮೀನಲ ಮಾತೆಲ್ಲ ಕೇಳಿಸಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ನಾ ಎಲ್ಲಿ ತಪ್ಪಿದೆ ರೀ ಬಾಯಿ?"

"ಎಲ್ಲೂ ತಪ್ಪಿಲ್ಲವ್ವಾ," ಎಂದರು ಲಲಿತಾಬಾಯಿ. ಎಣ್ಣೆಗಲೆಯ ಆ ಹಾಳೆಯನ್ನು ಮಡಚಿ ಅವಳ ಕೈಗಿಟ್ಟರು.